ಶೋಕೇಸಿನಿಂದ ಚೌಕಟ್ಟಿಗೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಎಷ್ಟೋ ಮನೆಗಳವರು ಮದುವೆ ಜವಳಿಗೆ ದಾವಣಗೆರೆಗೇ ಬರುತ್ತಾರೆ. ಅಲ್ಲಿನ ಅಂಗಡಿಗಳಲ್ಲಿ ಸೀರೆ ಬಿಡಿಸಿ ಹಾಸುವವರನ್ನು ಒಮ್ಮೆ ಗಮನಿಸಿ. ಗಿರಾಕಿಯ ಮೈಬಣ್ಣ ನೋಡುತ್ತಲೇ ಕೈ ಯಾವ ಕಪಾಟಿಗೆ ಹೋಗಬೇಕೆಂದು ಅವರಿಗೆ ತಿಳಿದಿರುತ್ತದೆ. ಗಿಳಿಹಸಿರಿನ ಪಕ್ಕ ಯಾವ ಕೆಂಪು ಏಳುತ್ತದೆ, ಯಾವುದು ಮಂಕಾಗುತ್ತದೆ ಎಂಬ ಪಾಠವನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಆ ಪಾಠವನ್ನು ಹೇಳಿಕೊಡುವ ಸಂಸ್ಥೆಯೂ ಅದೇ ಊರಲ್ಲಿದೆ. 1964ರಲ್ಲಿ ಸ್ಕೂಲ್ ಆಫ್ ಫೈನ್ ಆರ್ಟ್ಸ್ ಆಗಿ ಶುರುವಾದದ್ದು ಇಂದು ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ. ಚಿತ್ರಕಲೆ, ಶಿಲ್ಪಕಲೆಯ ಜೊತೆ ಅನ್ವಯಿಕ ಕಲೆಯೂ ಅಲ್ಲುಂಟು. ಅನ್ವಯಿಕ ಎಂದರೆ ಜಾಹೀರಾತು, ಪೋಸ್ಟರು, ಮಾಲು ಮಾರಲು ಬೇಕಾದ ಚಿತ್ರ. ಅದು ಹೊಟ್ಟೆಪಾಡಿನ ಕಲೆ ಎಂದು ಮೂಗು ಮುರಿಯುವವರು ಇದ್ದೇ ಇದ್ದಾರೆ.

ಅಂಥವರು ಅಮೆರಿಕದ ಚಿತ್ರಕಾರ ಆಂಡಿ ವಾರ್ಹೋಲ್ ಕಥೆ ಕೇಳಬೇಕು. ನ್ಯೂಯಾರ್ಕಿನಲ್ಲಿ ಆತನಿಗೆ ಮೊದಲು ಹೆಸರು ಬಂದದ್ದು ಐ. ಮಿಲ್ಲರ್ ಎಂಬ ಚಪ್ಪಲಿ ಕಂಪನಿಗೆ ಬರೆದ ಜಾಹೀರಾತು ಚಿತ್ರಗಳಿಂದ. ಬಾನ್ವಿಟ್ ಟೆಲ್ಲರ್ ಎಂಬ ಉಡುಪಿನ ಮಳಿಗೆಯ ಶೋಕೇಸುಗಳನ್ನೂ ಸಿಂಗರಿಸುತ್ತಿದ್ದ. 1961ರ ಏಪ್ರಿಲಿನಲ್ಲಿ ಅಲ್ಲಿಯ ಬೊಂಬೆಗಳಿಗೆ ಉಡುಪು ತೊಡಿಸಿದಾಗ ಹಿಂಬದಿಗೆ ತಾನೇ ಬರೆದ ಐದು ಚಿತ್ರ ತೂಗುಹಾಕಿದ. ಸೂಪರ್‌ಮ್ಯಾನ್, ಪಾಪಾಯ್, ಪತ್ರಿಕೆಯ ಮೂಲೆಯ ಅಗ್ಗದ ಜಾಹೀರಾತು, ಇಂಥವೇ. ದಾರಿಹೋಕರು ಉಡುಪು ನೋಡಿ ಮುಂದೆ ಹೋದರು. ವಾರ್ಹೋಲನ ಪಾಪ್ ಕಲೆ ಜನರ ಮುಂದೆ ಬಂದದ್ದು ಹೀಗೆ, ಗ್ಯಾಲರಿಗಿಂತ ಮೊದಲು ಬಟ್ಟೆ ಅಂಗಡಿಯ ಗಾಜಿನ ಹಿಂದೆ. ಮರುವರ್ಷ ಗ್ಯಾಲರಿಯಲ್ಲಿ ಅವನ ಸೂಪಿನ ಡಬ್ಬಿಗಳ ಚಿತ್ರಗಳ ಪ್ರದರ್ಶನ ನಡೆಯಿತು. ವಾರ್ಹೋಲ್ ಅಂಗಡಿಯಿಂದ ಹೊರಬಂದ. ಅಂಗಡಿ ಮಾತ್ರ ಅವನ ಕ್ಯಾನ್ವಾಸಿನಿಂದ ಹೊರಹೋಗಲಿಲ್ಲ.

ನಮ್ಮಲ್ಲಿ ಕಲಬುರಗಿಯ ಎಸ್.ಎಂ. ಪಂಡಿತ್ (1916–1993) ಇದ್ದಾರೆ. ಮುಂಬೈಯಲ್ಲಿ ಮೆಟ್ರೊ ಗೋಲ್ಡ್ವಿನ್ ಮೇಯರ್ ಸಿನಿಮಾಗಳ ಪ್ರಚಾರ ಚಿತ್ರ, ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟ, ಕ್ಯಾಲೆಂಡರು ಬರೆದು ಗೆದ್ದವರು. ಅವರ ಪೌರಾಣಿಕ ಚಿತ್ರಗಳಲ್ಲೂ ಸಿನಿಮಾದ ಬೆಳಕಿದೆ. ನನ್ನ ಮಟ್ಟಿಗೆ ಅವುಗಳ ಸೊಗಸಿರುವುದೇ ಅಲ್ಲಿ. ದೊಡ್ಡಬಳ್ಳಾಪುರದ ರುಮಾಲೆ ಚೆನ್ನಬಸವಯ್ಯನವರದು ಬೇರೆ ದಾರಿ. ಸ್ವಾತಂತ್ರ್ಯ ಹೋರಾಟ, ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವ, ಶಾಸಕ ಸ್ಥಾನ ಎಲ್ಲ ಮುಗಿಸಿ ಪೂರ್ಣಾವಧಿ ಕುಂಚ ಹಿಡಿದು, ಬಯಲಿನಲ್ಲೇ ನಿಂತು ಹೂಬಿಟ್ಟ ಮರಗಳನ್ನು ಬರೆದರು.

ಹಾಗೆಂದು ಚಿತ್ರ ಬರೆಯಲು ಅಂಗಡಿ ಕೆಲಸ ಬಿಟ್ಟುಬಿಡಿ ಎಂದು ಯಾರಿಗೂ ಹೇಳಲಾರೆ. ಸಂಬಳ ತಿಂಗಳಿಗೊಮ್ಮೆ ಬರುತ್ತದೆ, ಚಿತ್ರ ಕೊಳ್ಳುವವರು ಯಾವಾಗ ಬಂದಾರೋ. ಬಣ್ಣ, ಕ್ಯಾನ್ವಾಸು, ಕಟ್ಟು ಹಾಕಿಸುವ ಖರ್ಚು ಮಾತ್ರ ಕಾಯುವುದಿಲ್ಲ. ಬರೆಯಲು ಬೇಕಾದದ್ದಕ್ಕೆ ದಾವಣಗೆರೆ ಸುತ್ತಿನ ತಾಲ್ಲೂಕುಗಳಲ್ಲಿ ಬರವಿಲ್ಲ: ಸಂತೇಬೆನ್ನೂರಿನ ಪುಷ್ಕರಿಣಿ, ಹೊನ್ನಾಳಿಯ ತುಂಗಭದ್ರೆ, ಜಗಳೂರಿನ ಒಣ ಕುರುಚಲು. ಕೊಳ್ಳುವವರನ್ನು ಹುಡುಕಿಕೊಂಡು ಮಾತ್ರ ಬೆಂಗಳೂರಿಗೇ ಹೋಗಬೇಕು.

ಕರ್ನಾಟಕ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ಅಲ್ಲಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರು ಪಾದಚಾರಿ ದಾರಿಯಲ್ಲೇ ಚಿತ್ರ ಜೋಡಿಸಿ, ತಾವೇ ಮಾರುತ್ತಾರೆ. ಎಷ್ಟೋ ಜನರಿಗೆ ಬೆಲೆ ಹೇಳಲು ನಾಚಿಕೆ. ಜವಳಿ ಅಂಗಡಿಯಲ್ಲಿ ಪಳಗಿದವರಿಗೆ ಆ ಕಷ್ಟವಿಲ್ಲ. ಯಾರು ಸುಮ್ಮನೆ ನೋಡಲು ಬಂದವರು, ಯಾರು ಇನ್ನೊಂದು ಸುತ್ತು ಹಾಕಿ ಮತ್ತೆ ಇಲ್ಲಿಗೇ ಬರುವವರು ಎಂಬುದು ಅವರಿಗೆ ದೂರದಿಂದಲೇ ಗೊತ್ತಾಗುತ್ತದೆ.