ರಾಗಿ ಹೊಲದಲ್ಲಿ ಚೆಂಡುಹೂ

ಮೈಸೂರಿನ ಚಾಮರಾಜಪುರಂನಿಂದ ನಾವು ಗುಂಡ್ಲುಪೇಟೆಗೆ ಹೋಗಿದ್ದೆವು. ಅದು ಮಳೆಗಾಲ. ದಾರಿಯುದ್ದಕ್ಕೂ ಚೆಂಡುಹೂವಿನ ಹೊಲ! ರಾಗಿ, ಜೋಳ ಬೆಳೆಯುತ್ತಿದ್ದವರೂ ಈಗ ಹೂ ಬೆಳೆಯುತ್ತಾರೆ.

ಇಷ್ಟೂ ಹೂ ದೇವರಿಗಲ್ಲ. ಹೆಚ್ಚಿನದು ಕಾರ್ಖಾನೆಗೆ ಹೋಗುತ್ತೆ. ಅಲ್ಲಿ ಹೂವಿನ ಬಣ್ಣ ತೆಗೀತಾರೆ. ಅದನ್ನು ಕೋಳಿ ಮೇವಿಗೆ ಬೆರೆಸುತ್ತಾರೆ. ಆಗ ಮೊಟ್ಟೆಯ ಹಳದಿಗೆ ಒಳ್ಳೆ ಬಣ್ಣ ಬರುತ್ತೆ.

ಸಸಿ ನೆಟ್ಟು ಸುಮಾರು 2 ತಿಂಗಳಿಗೆ ಹೂ ಬಿಡಿಸಬಹುದು. ಬೇಗ ಕಾಸು ಸಿಗುತ್ತೆ. ಆದರೆ ರಾಗಿಯನ್ನು ವರ್ಷಗಟ್ಟಲೆ ಇಡಬಹುದು. ಹೂ ಬೇಗ ಬಾಡುತ್ತೆ. ಬಂದ ದರಕ್ಕೆ ಕೊಡಬೇಕಾಗುತ್ತೆ. ಅದಕ್ಕೇ ಕಂಪನಿಯ ಜೊತೆ ಮೊದಲೇ ಒಪ್ಪಂದ ಮಾಡ್ಕೋತಾರೆ.

ಅಕ್ಕಂದಿರೇ, ಒಪ್ಪಂದದ ಕಾಗದ ಓದಿ. ಕಿಲೋಗೆ ಎಷ್ಟು ದರ? ಹಣ ಯಾವಾಗ? ನೋಡಿಯೇ ಸಹಿ ಹಾಕಿ. ತೂಕದ ಚೀಟಿ ಜೋಪಾನ ಮಾಡಿ. ಮನೆಯ ಊಟದ ರಾಗಿಗೆ ಒಂದಿಷ್ಟು ಹೊಲ ಉಳಿಸಿಕೊಳ್ಳಿ.