ಟಿಟಿಕಾಕಾದ ಹೂಳು ಹೇಳುವ ಸಾಕ್ಷ್ಯ

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಸಾಲುಗಳ ನಡುವೆ, ಪೆರು ಮತ್ತು ಬೊಲಿವಿಯಾ ದೇಶಗಳಲ್ಲಿ ಹರಡಿಕೊಂಡಿರುವ ಪ್ರಸ್ಥಭೂಮಿಗೆ ಆಲ್ಟಿಪ್ಲಾನೊ ಎಂದು ಹೆಸರು. ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದ ಈ ಬಯಲಿನಲ್ಲಿ ಮರಗಳು ವಿರಳ. ರಾತ್ರಿಯ ಹಿಮ ಬೆಳೆದು ನಿಂತ ಪೈರನ್ನು ಸುಟ್ಟುಹಾಕುವುದು ಇಲ್ಲಿ ಹೊಸದಲ್ಲ. ಇಂಥ ಕಡೆ, ಟಿಟಿಕಾಕಾ ಸರೋವರದ ದಕ್ಷಿಣಕ್ಕೆ, ತಿವಾನಾಕು ಎಂಬ ನಗರ ಕ್ರಿ.ಶ. 500ರಿಂದ ಸುಮಾರು 1000ದವರೆಗೆ ವೈಭವದಿಂದ ಬಾಳಿತು. ಒಂದೇ ಬಂಡೆಯಲ್ಲಿ ಕಡೆದ ಅದರ ‘ಸೂರ್ಯದ್ವಾರ’ ಈಗಲೂ ನಿಂತಿದೆ. ಆದರೆ 11ನೇ ಶತಮಾನದಲ್ಲಿ ನಗರ ಬರಿದಾಯಿತು. ಅಲ್ಲಿನ ಜನರಿಗೆ ಲಿಪಿಯಿರಲಿಲ್ಲ. ಏಕೆ ಬರಿದಾಯಿತೆಂದು ಬರೆದಿಟ್ಟವರಿಲ್ಲ. ಹಾಗಾಗಿ ವಿಜ್ಞಾನಿಗಳು ಸಾಕ್ಷ್ಯಕ್ಕಾಗಿ ಸರೋವರದ ತಳದ ಹೂಳಿನ ಮೊರೆ ಹೋದರು.

ಸುಮಾರು 8,300 ಚದರ ಕಿಲೋಮೀಟರ್ ವಿಸ್ತಾರದ ಟಿಟಿಕಾಕಾ ಒಂದು ದೊಡ್ಡ ಮಳೆಮಾಪಕವಿದ್ದಂತೆ. ಅದರಿಂದ ಹೊರಹರಿಯುವ ನದಿ ಒಂದೇ, ದೆಸಾಗ್ವಾದೆರೊ. ಸರೋವರಕ್ಕೆ ಬರುವ ನೀರಿನಲ್ಲಿ ಹತ್ತರಲ್ಲೊಂದು ಪಾಲೂ ಈ ನದಿಗೆ ಸಿಗುವುದಿಲ್ಲ. ಉಳಿದದ್ದೆಲ್ಲ ಬಿಸಿಲಿಗೆ, ಗಾಳಿಗೆ ಆವಿಯಾಗುತ್ತದೆ. ಆದ್ದರಿಂದ ಕೆಲವು ವರ್ಷ ಮಳೆ ಕಡಿಮೆಯಾದರೂ ಸಾಕು, ನದಿಯ ಹರಿವು ನಿಂತು ಸರೋವರದ ಮಟ್ಟ ಇಳಿಯತೊಡಗುತ್ತದೆ. ಈ ಏರಿಳಿತಗಳೆಲ್ಲ ತಳದ ಹೂಳಿನಲ್ಲಿ ದಾಖಲಾಗುತ್ತವೆ.

ದಾಖಲಾಗುವುದು ಹೇಗೆ? ಸರೋವರ ತುಂಬಿದ್ದಾಗ ಆಳದಲ್ಲಿ ನುಣುಪಾದ ಕಪ್ಪು ಕೆಸರು ನಿಧಾನವಾಗಿ ಕೂರುತ್ತದೆ. ನೀರು ಇಳಿದಂತೆ ಅದರಲ್ಲಿ ಕರಗಿದ್ದ ಲವಣಗಳು ಸಾಂದ್ರಗೊಂಡು, ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಮ್ ಬೇರ್ಪಟ್ಟು ತಳ ಸೇರುತ್ತವೆ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳೂ ಸುಳಿವು ಕೊಡುತ್ತವೆ. ಇವುಗಳ ಗಾಜಿನಂಥ ಕವಚ ಸಾವಿರಾರು ವರ್ಷ ಕೆಡುವುದಿಲ್ಲ. ಆಳದ ಸಿಹಿನೀರಿನಲ್ಲಿ ತೇಲುವ ಜಾತಿಗಳು ಬೇರೆ, ದಂಡೆಯ ತಿಳಿನೀರಿನ ತಳದಲ್ಲಿ ಬೆಳೆಯುವವು ಬೇರೆ, ಉಪ್ಪುನೀರನ್ನು ಸಹಿಸುವವು ಬೇರೆ. ಯಾವ ಪದರದಲ್ಲಿ ಯಾವುದು ಹೆಚ್ಚಿದೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ ಆ ಕಾಲದ ನೀರಿನ ಗುಣ ತಿಳಿಯುತ್ತದೆ. ನೀರು ಪೂರ್ತಿ ಇಳಿದು ತಳವೇ ಬಯಲಾದರೆ ಗಾಳಿಮಳೆಗೆ ಮೇಲಿನ ಪದರ ಸವೆಯುತ್ತದೆ. ಪುಸ್ತಕದಲ್ಲಿ ಹರಿದುಹೋದ ಹಾಳೆಯಂತೆ, ಆ ಲೋಪವೂ ಒಂದು ಮಾಹಿತಿಯೇ.

ಈ ಹೂಳನ್ನು ಕದಡದೆ ಮೇಲೆತ್ತಲು ತೆಪ್ಪದ ಮೇಲಿಂದ ಉದ್ದನೆಯ ಕೊಳವೆಯನ್ನು ತಳಕ್ಕೆ ಇಳಿಸಿ ಒತ್ತುತ್ತಾರೆ. ಕೊಳವೆಯೊಳಗೆ ಕಂಬದಂತೆ ಸಿಕ್ಕ ಕೆಸರನ್ನು ಪ್ರಯೋಗಾಲಯದಲ್ಲಿ ಸೀಳಿ ಪದರಪದರವಾಗಿ ಪರೀಕ್ಷಿಸುತ್ತಾರೆ. ಅದರಲ್ಲಿರುವ ಸಸ್ಯದ ಚೂರು, ಚಿಪ್ಪುಗಳ ವಯಸ್ಸನ್ನು ಇಂಗಾಲ-14 ವಿಧಾನದಿಂದ ಅಳೆಯುತ್ತಾರೆ. ಈ ವಿಧಾನ ಕೊಡುವುದು ಇಂಥದ್ದೇ ವರ್ಷವನ್ನಲ್ಲ, ಹಲವು ದಶಕಗಳ ಒಂದು ಅವಧಿಯನ್ನು. ನೀರಿನಲ್ಲಿ ಹಳೆಯ ಇಂಗಾಲ ಬೆರೆತಿದ್ದರೆ ಚಿಪ್ಪು ತನ್ನ ನಿಜವಾದ ವಯಸ್ಸಿಗಿಂತ ಮುದಿಯಾಗಿ ಕಾಣುವುದೂ ಉಂಟು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ವಾದವೆಲ್ಲ ಇದರ ಮೇಲೇ ನಿಂತಿದೆ.

ಹೂಳು ಹೇಳಿದ ಮೊದಲ ಸಂಗತಿಯೇ ಅಚ್ಚರಿಯದು. ಸುಮಾರು 6,000 ವರ್ಷಗಳ ಹಿಂದೆ ಟಿಟಿಕಾಕಾದ ಮಟ್ಟ ಇಂದಿಗಿಂತ ಹಲವು ಹತ್ತು ಮೀಟರ್ ಕೆಳಗಿತ್ತು. ದಕ್ಷಿಣದ ಆಳವಿಲ್ಲದ ಭಾಗವಾದ ವಿನ್ಯಾಯ್‌ಮಾರ್ಕಾ ಬಹುಪಾಲು ಒಣಗಿತ್ತು. ಸುಮಾರು 3,500 ವರ್ಷಗಳ ಹಿಂದಷ್ಟೇ ಅದು ಮತ್ತೆ ತುಂಬಿತು. ಆ ಬಳಿಕವೂ ನೀರು ಹಲವು ಸಲ ಇಳಿದಿದೆ. ಹಾಗೆ ಇಳಿದದ್ದರಲ್ಲಿ ಕೊನೆಯ ದೀರ್ಘ ಅವಧಿ ಕ್ರಿ.ಶ. 1100ರ ಆಸುಪಾಸಿನಲ್ಲಿ ಆರಂಭವಾಯಿತೆಂದು 1997ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು.

ತಿವಾನಾಕುವಿಗೂ ಇದಕ್ಕೂ ಏನು ಸಂಬಂಧ? ಅಲ್ಲಿನ ರೈತರು ಜೌಗುನೆಲದಲ್ಲಿ ಮಣ್ಣು ಪೇರಿಸಿ ಎತ್ತರದ ಪಾತಿಗಳನ್ನು ಕಟ್ಟಿ, ನಡುವೆ ಕಾಲುವೆಗಳನ್ನು ಬಿಡುತ್ತಿದ್ದರು. ಹಗಲಿನ ಬಿಸಿಲನ್ನು ಹೀರಿದ ಕಾಲುವೆಯ ನೀರು ರಾತ್ರಿ ಶಾಖವನ್ನು ಬಿಟ್ಟುಕೊಟ್ಟು ಆಲೂಗಡ್ಡೆ, ಕಿನೋವಾ ಪೈರನ್ನು ಹಿಮದಿಂದ ಕಾಯುತ್ತಿತ್ತು. ಕಾಲುವೆಯ ಕೆಸರೇ ಗೊಬ್ಬರ. ನೀರು ಇಳಿದರೆ ಈ ಇಡೀ ವ್ಯವಸ್ಥೆ ಕುಸಿಯುತ್ತದೆ. ಮೈಕೆಲ್ ಬಿನ್‌ಫೋರ್ಡ್, ಅಲನ್ ಕೊಲಾಟಾ ಮತ್ತು ಅವರ ಸಂಗಡಿಗರು ಇದೇ ಆಧಾರದ ಮೇಲೆ, ದೀರ್ಘ ಬರಗಾಲವೇ ತಿವಾನಾಕುವನ್ನು ಮುಗಿಸಿತು ಎಂದು ವಾದಿಸಿದರು.

ಇದನ್ನು ಎಲ್ಲರೂ ಒಪ್ಪಲಿಲ್ಲ. ಪೆರುವಿನ ಕಡೆಯ ದಂಡೆಯಲ್ಲಿ ರೈತರೊಂದಿಗೆ ಸೇರಿ ಇಂಥ ಪಾತಿಗಳನ್ನು ಮತ್ತೆ ಕಟ್ಟಿಸಿ ನೋಡಿದ್ದ ಪುರಾತತ್ವಜ್ಞ ಕ್ಲಾರ್ಕ್ ಎರಿಕ್ಸನ್, ಜನರನ್ನು ಹವಾಮಾನದ ಕೈಗೊಂಬೆಗಳೆಂದು ಭಾವಿಸುವುದು ತಪ್ಪು ಎಂದರು. ಬರ ಆ ನಾಡಿಗೆ ಹೊಸದೇನಲ್ಲ. ಹಿಂದಿನ ಬರಗಳನ್ನು ದಾಟಿ ಬಂದ ರೈತರು ಇದೊಂದಕ್ಕೇ ಏಕೆ ಸೋಲಬೇಕು? ಇತ್ತೀಚೆಗೆ ನಗರದ ಅವಶೇಷಗಳ ಕಾಲವನ್ನು ಮರುಪರಿಶೀಲಿಸಿದವರು, ಸರೋವರ ತೀರ ಇಳಿಯುವ ಮುನ್ನವೇ ತಿವಾನಾಕು ಒಡೆಯತೊಡಗಿತ್ತು ಎನ್ನುತ್ತಾರೆ. ಕೆಲವೇ ದಶಕಗಳ ಅಂತರದಲ್ಲಿ ಬರ ಮೊದಲೋ ಪತನ ಮೊದಲೋ ಎಂದು ತೀರ್ಮಾನಿಸಲು ಹೂಳಿನ ಗಡಿಯಾರ ಸಾಲದು.

ಅಂದರೆ ಹೂಳು ಸುಳ್ಳು ಹೇಳುವುದಿಲ್ಲ; ಆದರೆ ಅದು ಹೇಳುವುದು ನೀರಿನ ಚರಿತ್ರೆಯನ್ನು ಮಾತ್ರ. ಇದಕ್ಕೆ ನಮ್ಮ ಕಾಲದ್ದೇ ಒಂದು ನಿದರ್ಶನವಿದೆ. ದೆಸಾಗ್ವಾದೆರೊ ನದಿ ಹೋಗಿ ಸೇರುವ ಪೂಪೊ ಸರೋವರ 2015ರಲ್ಲಿ ಬತ್ತಿಹೋಯಿತು. ಮೀನು ಹಿಡಿದು ಬಾಳುತ್ತಿದ್ದ ಉರು ಜನರಲ್ಲಿ ಹಲವರು ದಂಡೆ ಬಿಟ್ಟು ಕೂಲಿ ಹುಡುಕಿ ಹೊರಟರು. ಬರ ಮತ್ತು ಏರುವ ತಾಪಮಾನದ ಜೊತೆಗೆ, ಕೃಷಿಗೆ ಮೇಲ್ಭಾಗದಲ್ಲೇ ತಿರುಗಿಸಿಕೊಂಡ ನೀರು, ಗಣಿಗಳಿಂದ ಬಂದು ತುಂಬಿದ ಹೂಳು ಇವೂ ಅದಕ್ಕೆ ಕಾರಣವಾಗಿದ್ದವು. ಸಾವಿರ ವರ್ಷಗಳ ನಂತರ ಯಾರಾದರೂ ಅಲ್ಲಿ ಕೊಳವೆ ಇಳಿಸಿದರೆ ಒಂದು ಉಪ್ಪಿನ ಪದರ ಸಿಕ್ಕೀತು. ನೀರು ಹೋಯಿತೆಂದು ಅದು ಹೇಳೀತು. ಆ ನೀರಿನಲ್ಲಿ ಎಷ್ಟನ್ನು ಆಕಾಶ ಕೊಡಲಿಲ್ಲ, ಎಷ್ಟನ್ನು ಮನುಷ್ಯರು ತಿರುಗಿಸಿಕೊಂಡರು ಎಂಬ ಲೆಕ್ಕವನ್ನು ಮಾತ್ರ ಬೇರೆ ಕಡೆ ಹುಡುಕಬೇಕಾದೀತು.