ಮುಖ್ಯವಾಗಿ ಒಣಹವೆ

ಮಾರ್ಚ್ ತಿಂಗಳ ಬೆಳಿಗ್ಗೆ ಏಳೂವರೆ. ಮೈಸೂರಿನ ಬನ್ನಿಮಂಟಪದ ಮನೆಯೊಂದರ ತಾರಸಿಯ ಮೇಲೆ ಹಳೆಯ ನೂಲಿನ ಸೀರೆ ಹಾಸಿದೆ. ನಾಲ್ಕು ಮೂಲೆಗೂ ಇಟ್ಟಿಗೆ ಚೂರು. ಒಲೆಯಿಂದ ಆಗತಾನೆ ಇಳಿಸಿದ ಅಕ್ಕಿ ಹಿಟ್ಟನ್ನು ಚಮಚದಲ್ಲಿ ಸಾಲಾಗಿ ಬಿಡುವ ಕೆಲಸ ನಡೆದಿದೆ. ಆ ಹೊತ್ತಿಗೆ ಗಾಳಿಯ ಸುಳಿವೇ ಇರುವುದಿಲ್ಲ. ಹತ್ತೂವರೆಯಾಗುತ್ತಲೇ ಸೀರೆಯ ಅಂಚು ಪಟಪಟ ಎನ್ನಲು ಶುರುವಾಗುತ್ತದೆ. ಮಧ್ಯಾಹ್ನ ಒಂದರ ಹೊತ್ತಿಗೆ ಇಟ್ಟಿಗೆ ಚೂರು ಸಾಲದೆ ಒಳಗಿನಿಂದ ರುಬ್ಬುಗುಂಡನ್ನೂ ತಂದಿಡಬೇಕಾಗುತ್ತದೆ. ಸಂಡಿಗೆಯೇನೋ ಒಂದೇ ಬಿಸಿಲಿಗೆ ಗರಿಗರಿಯಾಗಿ ಒಣಗುತ್ತದೆ, ಆದರೆ ಮೇಲೆ ಸಣ್ಣಗೆ ಧೂಳು ಕೂರುತ್ತದೆ. ಒಣಗಿಸುವುದೂ ಕೆಡಿಸುವುದೂ ಒಂದೇ ಗಾಳಿ.

ಅದೇ ದಿನದ ಪತ್ರಿಕೆಯ ಮೂಲೆಯಲ್ಲಿ ಹವಾಮಾನ ಮುನ್ಸೂಚನೆ ಎರಡೇ ಮಾತಿನಲ್ಲಿ ಮುಗಿದಿರುತ್ತದೆ: ನಿರ್ಮಲ ಆಕಾಶ, ಮುಖ್ಯವಾಗಿ ಒಣಹವೆ. ಇಷ್ಟು ಸಪ್ಪೆಯಾದ ಸುದ್ದಿ ಇಡೀ ಪತ್ರಿಕೆಯಲ್ಲಿ ಇನ್ನೊಂದಿರಲಾರದು. ಓದುವವರ ಕಣ್ಣು ನೇರ ಡಿಗ್ರಿಯ ಅಂಕಿಗೆ ಹಾರುತ್ತದೆ. 34 ಇದ್ದರೆ ‘ಪರವಾಗಿಲ್ಲ’, 37 ಇದ್ದರೆ ‘ಅಬ್ಬಾ’. ಶಿವರಾತ್ರಿ ಕಳೆದ ಮೇಲಿನ ಎರಡು ತಿಂಗಳಲ್ಲಿ ಮೈಸೂರಿನ ಹವೆಯ ನಿಜವಾದ ಕಥೆ ಮಾತ್ರ ಆ ಅಂಕಿಯಲ್ಲಿಲ್ಲ. ಯಾರೂ ಓದದ ‘ಒಣ’ ಎಂಬ ಪದದಲ್ಲಿ, ಬಹಳ ಸಲ ಅಚ್ಚೇ ಆಗದ ‘ಗಾಳಿ’ ಎಂಬ ಪದದಲ್ಲಿ ಇದೆ.

ಪಂಚಾಂಗಕ್ಕೆ ಚೈತ್ರ, ವೈಶಾಖ ವಸಂತ ಋತು. ಭಾರತೀಯ ಹವಾಮಾನ ಇಲಾಖೆಗೆ ಮಾರ್ಚ್‌ನಿಂದ ಮೇವರೆಗೆ ಮುಂಗಾರು ಪೂರ್ವ ಋತು. ಮೈಸೂರಿನವರಿಗೆ ಎರಡೂ ಅಲ್ಲ, ಅದು ಬರೀ ಬೇಸಗೆ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೊರಟುಹೋಗುತ್ತದೆ ಎಂಬ ಮಾತಿನಲ್ಲಿ ಕವಿಗಳ ವಸಂತಕ್ಕೆ ಜಾಗವೇ ಇಲ್ಲ. ಆದರೂ ಕಣ್ಣಿಗೆ ವಸಂತ ಇದ್ದೇ ಇದೆ. ಅರಳಿಮರ ಎಲೆ ಉದುರಿಸಿ ವಾರದೊಳಗೆ ತಾಮ್ರದ ಬಣ್ಣದ ಚಿಗುರು ಹೊರುತ್ತದೆ, ಹೊಂಗೆ ನೆರಳು ಕಟ್ಟುತ್ತದೆ, ಯುಗಾದಿಯ ಬೇವು ಹೂಬಿಡುತ್ತದೆ. ಬೂರುಗದ ಕಾಯಿ ಒಡೆದು ಹತ್ತಿ ರಸ್ತೆಯ ಮೇಲೆಲ್ಲ ತೇಲುತ್ತದೆ. ಈ ಕೊನೆಯದಂತೂ ಒಣ ಹವೆ, ಗಾಳಿ ಎರಡನ್ನೂ ನೆಚ್ಚಿಕೊಂಡೇ ಬೀಜ ಬಿತ್ತುವ ಮರ.

ಒಣಹವೆ ಅಂದರೆ ಮಳೆಯಿಲ್ಲ ಎಂದಷ್ಟೇ ಹೆಚ್ಚಿನವರ ಎಣಿಕೆ. ಅದು ಅರ್ಧ ಮಾತ್ರ ಸರಿ. ಬೆಳಗಿನ ಜಾವ 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದರಲ್ಲಿ 12 ಗ್ರಾಂ ಇದೆ ಎಂದುಕೊಳ್ಳಿ. ಆಗ ತೇವಾಂಶ ಶೇ 70ರ ಹತ್ತಿರ. ಮುಂಜಾನೆ ವಾಕಿಂಗ್ ಹೋದವರಿಗೆ ಹಿತವಾಗಿರುತ್ತದೆ. ಮಧ್ಯಾಹ್ನ ಅದೇ ಗಾಳಿ 35 ಡಿಗ್ರಿಗೆ ಕಾದಾಗ ಅದಕ್ಕೆ ಸುಮಾರು 40 ಗ್ರಾಂ ಹಿಡಿಯುವ ಹಸಿವು ಹುಟ್ಟುತ್ತದೆ. ಇರುವುದು ಮಾತ್ರ ಆ 12 ಗ್ರಾಮೇ. ತೇವಾಂಶ ಶೇ 30ಕ್ಕೆ ಇಳಿಯಿತು. ಉಳಿದದ್ದನ್ನು ಗಾಳಿ ಎಲ್ಲಿ ಸಿಕ್ಕರೆ ಅಲ್ಲಿಂದ ಹೀರುತ್ತದೆ: ಸಂಡಿಗೆಯಿಂದ, ತೊಟ್ಟಿಯ ನೀರಿನಿಂದ, ಕುಂಡದ ತುಳಸಿಯಿಂದ, ತುಟಿಯಿಂದ.

ಹೀರುವ ಈ ಗುಣವೇ ಮೈಸೂರಿನ ಬೇಸಗೆಯ ಸುಖವೂ ಹೌದು. ಮಣ್ಣಿನ ಹೂಜಿಯ ನೀರು ಇಲ್ಲಿ ತಣ್ಣಗಾಗುವಷ್ಟು ಮಂಗಳೂರಿನಲ್ಲಿ ಆಗುವುದಿಲ್ಲ. ಅಲ್ಲಿಯ ಗಾಳಿ ಆಗಲೇ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿರುತ್ತದೆ, ಹೂಜಿ ಬೆವರಿದರೂ ಆ ಬೆವರು ಆರುವುದಿಲ್ಲ. ಕರಾವಳಿಯವರ ‘ಸೆಕೆ’ ಎಂಬ ಪದಕ್ಕೆ ಮೈಸೂರಿನಲ್ಲಿ ಹೆಚ್ಚು ಕೆಲಸವಿಲ್ಲದಿರುವುದೂ ಇದಕ್ಕೇ. ಇಲ್ಲಿ ಇರುವುದು ಝಳ. ನೆರಳಿಗೆ ಬಂದರೆ ಜೀವ ಬಂದಂತಾಗುತ್ತದೆ, ರಾತ್ರಿ ಹತ್ತಕ್ಕೆ ತಾರಸಿ ತಣ್ಣಗಿರುತ್ತದೆ. ಮೋಸವೂ ಇಲ್ಲೇ ಇದೆ. ಬೆವರು ಮೈಮೇಲೆ ನಿಲ್ಲದೆ ಹಾಗೇ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡೆವೆಂದು ತಿಳಿಯುವುದೇ ಇಲ್ಲ. ರಾಮನವಮಿಗೆ ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ ಹಂಚುವುದು ಸರಿಯಾಗಿ ಇದೇ ಕಾಲಕ್ಕೆ ಬರುತ್ತದೆ. ನೀರು, ಬೆಲ್ಲ, ಉಪ್ಪು ಮೂರೂ ಒಂದೇ ಸರದಿಯಲ್ಲಿ ಸಿಕ್ಕಂತೆ.

ಇನ್ನು ಗಾಳಿ. ಅದು ಬೆಳಿಗ್ಗೆ ಮಲಗಿದ್ದು ಮಧ್ಯಾಹ್ನ ಏಳುವುದೇಕೆ? ರಾತ್ರಿ ನೆಲ ತಣ್ಣಗಾದಾಗ ಅದರ ಮೇಲಿನ ಗಾಳಿಯೂ ತಣ್ಣಗಾಗಿ, ಭಾರವಾಗಿ, ಚಾಪೆಯಂತೆ ಬಿದ್ದಿರುತ್ತದೆ. ಮೇಲೆ ಕೆಲವು ನೂರು ಮೀಟರ್ ಎತ್ತರದಲ್ಲಿ ಗಾಳಿ ಬೀಸುತ್ತಲೇ ಇದ್ದರೂ ಕೆಳಗಿನವರಿಗೆ ಗೊತ್ತಾಗುವುದಿಲ್ಲ. ಬಿಸಿಲೇರಿ ನೆಲ ಕಾದಾಗ ಕೆಳಗಿನ ಗಾಳಿ ಮೇಲೇಳುತ್ತದೆ, ಮೇಲಿನ ವೇಗದ ಗಾಳಿ ಆ ಜಾಗಕ್ಕೆ ಇಳಿಯುತ್ತದೆ. ತಾರಸಿಯ ಸೀರೆ ಪಟಪಟಿಸುವುದು ಆಗ. ದಸರಾ ಪಂಜಿನ ಕವಾಯತು ನಡೆಯುವ ಬನ್ನಿಮಂಟಪದ ಮೈದಾನದಂಥ ಬಯಲಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಕಾದ ಮಣ್ಣಿನ ಮೇಲೆ ಸುಳಿಗಾಳಿ ಎದ್ದು, ತರಗೆಲೆ, ಪ್ಲಾಸ್ಟಿಕ್ ಚೀಲಗಳನ್ನು ಗಿರಗಿರನೆ ತಿರುಗಿಸುತ್ತಾ ನಾಲ್ಕು ಹೆಜ್ಜೆ ನಡೆದು ಕುಸಿಯುತ್ತದೆ. ಮಕ್ಕಳು ಅದರೊಳಗೆ ನುಗ್ಗಲು ಓಡುತ್ತಾರೆ, ದೊಡ್ಡವರು ಕಣ್ಣು ಮುಚ್ಚಿಕೊಳ್ಳುತ್ತಾರೆ.

ಗಾಳಿಯ ಲೆಕ್ಕದಲ್ಲಿ ನೆನಪಿಡಬೇಕಾದ ವಿಚಾರ ಒಂದೇ. ಗಂಟೆಗೆ 25 ಕಿ.ಮೀ. ಇದ್ದದ್ದು 50 ಆದರೆ ಅದರ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟು ಆಗುತ್ತದೆ. ನಿನ್ನೆ ಬರೀ ತೂಗಾಡಿದ ಗುಲ್‌ಮೊಹರ್ ಕೊಂಬೆ ಇವತ್ತು ಮುರಿದು ವಿದ್ಯುತ್ ತಂತಿಯ ಮೇಲೆ ಬೀಳುವುದರ ಹಿಂದೆ ಇರುವುದು ಈ ವರ್ಗದ ಲೆಕ್ಕ.

ಬಿಸಿ, ಒಣ, ಗಾಳಿ. ಬಿಡಿಬಿಡಿಯಾಗಿ ಇವುಗಳಲ್ಲಿ ಯಾವುದೂ ಮೈಸೂರಿಗೆ ಹೊಸತಲ್ಲ, ದೊಡ್ಡ ಅಪಾಯವೂ ಅಲ್ಲ. ಮೂರೂ ಸೇರಿದಾಗ ಒಂದು ಕಿಡಿಗೆ ಏನಾಗುತ್ತದೆ ಎಂಬುದನ್ನು ಕರ್ನಾಟಕ 2019ರ ಫೆಬ್ರುವರಿ ಕೊನೆಯ ಒಂದೇ ವಾರದಲ್ಲಿ ಎರಡು ಕಡೆ ಕಂಡಿತು. ಮೈಸೂರಿಗೆ ದಕ್ಷಿಣದ ಬಂಡೀಪುರದಲ್ಲಿ ಹೊತ್ತಿದ ಬೆಂಕಿ ಗೋಪಾಲಸ್ವಾಮಿ ಬೆಟ್ಟದ ಇಳಿಜಾರನ್ನೂ ಬಿಡದೆ ದಿನಗಟ್ಟಲೆ ಉರಿದು, ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡನ್ನು ಸುಟ್ಟಿತು. ಒಣಗಿ ನಿಂತ ಹುಲ್ಲು, ಕಾಡನ್ನೆಲ್ಲ ಆಕ್ರಮಿಸಿರುವ ಲಂಟಾನ ಪೊದೆ, ಮೇಲೆ ದಿಕ್ಕು ಬದಲಿಸುತ್ತಾ ಬೀಸುವ ಗಾಳಿ. ಅರಣ್ಯ ಸಿಬ್ಬಂದಿ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದು ಆರಿಸುವ ಬೆಂಕಿಯಾಗಿರಲಿಲ್ಲ ಅದು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಕೆಟ್‌ನಲ್ಲಿ ನೀರು ತಂದು ಸುರಿದವು. ಅದೇ ವಾರ, ಫೆಬ್ರುವರಿ 23ರಂದು, ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನೋಡಲು ಬಂದವರ ಕಾರುಗಳು ನಿಂತಿದ್ದ ಬಯಲಿನಲ್ಲಿ ಬೆಂಕಿ ಕಾಣಿಸಿಕೊಂಡು ಸುಮಾರು 300 ಕಾರುಗಳು ಸುಟ್ಟು ಕರಕಲಾದವು. ಒಂದು ಕಡೆ ಹುಲಿ ಕಾಡು, ಇನ್ನೊಂದು ಕಡೆ ಊರಂಚಿನ ಪಾರ್ಕಿಂಗ್. ಎರಡಕ್ಕೂ ಸಮಾನವಾಗಿದ್ದದ್ದು ಒಣಹುಲ್ಲು, ಅದರ ಬೆನ್ನಿಗೆ ನಿಂತ ಗಾಳಿ.

ಚಾಮುಂಡಿ ಬೆಟ್ಟವೂ ಇದಕ್ಕೆ ಹೊರತಲ್ಲ. 2025ರ ಫೆಬ್ರುವರಿಯಲ್ಲಿ ಬೆಟ್ಟದ ಮಗ್ಗುಲು ಹೊತ್ತಿ ಉರಿದು, ಹೊಗೆ ಊರಿಗೆಲ್ಲ ಕಂಡಿತ್ತು.

ಬನ್ನಿಮಂಟಪಕ್ಕೆ ಈ ಮಾತು ಏಕೆ ಬೇಕು ಎಂದರೆ, ವಿಜಯದಶಮಿಯ ಮೆರವಣಿಗೆ ಅರಮನೆಯಿಂದ ಹೊರಟು ಸಯ್ಯಾಜಿರಾವ್ ರಸ್ತೆ ಹಿಡಿದು ಬರುವ ದಾರಿಯನ್ನೇ ಒಮ್ಮೆ ನಡೆದು ನೋಡಬೇಕು. ಮಂಟಪಕ್ಕೆ ಮುಂಚೆ ಸಿಗುವುದು ಬಂಬೂ ಬಜಾರ್. ಹೆಸರೇ ಹೇಳುವಂತೆ ಅದು ಬಿದಿರಿನ ಪೇಟೆ. ಏಣಿಗೆ, ಚಪ್ಪರಕ್ಕೆ ಬೇಕಾದ ಬಿದಿರು ಅಲ್ಲಿ ಒಣಗಿದಷ್ಟೂ ಬೆಲೆ. ಏಪ್ರಿಲ್‌ನ ಮಧ್ಯಾಹ್ನ ಆ ಬಿದಿರನ್ನು ಬೆರಳಿನಿಂದ ತಟ್ಟಿದರೆ ಬರುವ ಟಣ್ ಎಂಬ ಸದ್ದೇ ಅದರಲ್ಲಿ ಎಷ್ಟು ತೇವ ಉಳಿದಿದೆ ಎಂಬುದನ್ನು ಹೇಳಿಬಿಡುತ್ತದೆ. ಖಾಲಿ ಸೈಟುಗಳ ಒಣಹುಲ್ಲು, ರಸ್ತೆ ಬದಿ ಗುಡಿಸಿ ಗುಡ್ಡೆ ಹಾಕಿದ ತರಗೆಲೆ, ಅದಕ್ಕೆ ಕಡ್ಡಿ ಗೀರುವ ಹಳೆಯ ಚಾಳಿ ಬೇರೆ. ಬೆಳಿಗ್ಗೆ ಏಳಕ್ಕೆ ಸಾಧುವಾಗಿ ಹೊಗೆಯಾಡುತ್ತಿದ್ದ ಗುಡ್ಡೆ ಹನ್ನೊಂದಕ್ಕೆ ಹಾಗೆಯೇ ಇರುವುದಿಲ್ಲ. ಅಷ್ಟರಲ್ಲಿ ಮೇಲಿನ ಗಾಳಿ ಕೆಳಗಿಳಿದಿರುತ್ತದೆ. ದೇಶದೆಲ್ಲೆಡೆ ಅಗ್ನಿಶಾಮಕ ಸೇವಾ ಸಪ್ತಾಹ ಏಪ್ರಿಲ್ 14ರಿಂದ 20ರವರೆಗೆ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನ ಹಡಗು ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಗೊತ್ತುಮಾಡಿದ ದಿನವದು. ಆದರೂ ದಕ್ಷಿಣ ಕರ್ನಾಟಕದ ಹವೆಯನ್ನು ನೋಡಿಯೇ ಆರಿಸಿದರೇನೋ ಎನ್ನುವಷ್ಟು ಹೊಂದುತ್ತದೆ.

ಬಿಸಿಲ ಅಲೆ ಎಂಬ ಪದವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಬಯಲು ಸೀಮೆಯಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು, ಹವಾಮಾನ ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ ಎರಡು ದಿನ ಹಾಗೆಯೇ ಮುಂದುವರಿಯಬೇಕು. ಆಗ ಇಲಾಖೆ ಅದನ್ನು ಬಿಸಿಲ ಅಲೆ ಎಂದು ಘೋಷಿಸುತ್ತದೆ. ಕಲಬುರಗಿ, ರಾಯಚೂರಿಗೆ ಈ ಅಳತೆಗೋಲು ಸರಿ. ಸಮುದ್ರಮಟ್ಟದಿಂದ 760 ಮೀಟರ್‌ಗೂ ಎತ್ತರದಲ್ಲಿರುವ ಮೈಸೂರು 40 ಮುಟ್ಟುವುದೇ ಅಪರೂಪ. ಬೆಂಗಳೂರಿನ ಕಥೆಯೂ ಇದೇ. 2016ರ ಏಪ್ರಿಲ್ 25ರಂದು 39.2, 2024ರ ಏಪ್ರಿಲ್ 28ರಂದು 38.5 ಡಿಗ್ರಿ, ನಗರ ಬೆಂದುಹೋಗಿತ್ತು, 40ರ ಗೆರೆ ಮಾತ್ರ ದಾಟಿರಲಿಲ್ಲ. ಪತ್ರಿಕೆಯಲ್ಲಿ ಬಿಸಿಲ ಅಲೆಯ ಎಚ್ಚರಿಕೆ ಇಲ್ಲ ಎಂದ ಮಾತ್ರಕ್ಕೆ ಮಧ್ಯಾಹ್ನ ಎರಡಕ್ಕೆ ತಲೆಗೆ ಟವೆಲ್ ಇಲ್ಲದೆ ತಳ್ಳುಗಾಡಿ ನೂಕಬಹುದು ಎಂದಲ್ಲ. ಇನ್ನೊಂದು ಸೂಕ್ಷ್ಮವಿದೆ. ಆ ಅಂಕಿ ಬರುವುದು ಬಿಳಿ ಬಣ್ಣ ಬಳಿದ, ಪಟ್ಟಿಪಟ್ಟಿ ಗೋಡೆಯ ಪೆಟ್ಟಿಗೆಯೊಳಗೆ, ನೆರಳಿನಲ್ಲಿ, ನೆಲದಿಂದ ಎದೆಯೆತ್ತರದಲ್ಲಿ ಇಟ್ಟ ಉಷ್ಣಮಾಪಕದಿಂದ. ಡಾಂಬರು ರಸ್ತೆಗೂ ತಗಡಿನ ಛಾವಣಿಗೂ ಆ ಅಂಕಿಯ ಹಂಗಿಲ್ಲ.

ಇಂಥ ಪೆಟ್ಟಿಗೆಗಳಿಗೆ ಮೈಸೂರಿನೊಂದಿಗೆ ಹಳೆಯ ನಂಟಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಉಸ್ತುವಾರಿಯಲ್ಲಿ 1890ರ ದಶಕದಲ್ಲೇ ಮೈಸೂರು ಸಂಸ್ಥಾನ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ಹವಾಮಾನ ವೀಕ್ಷಣಾಲಯ ನಡೆಸಿ ವರ್ಷವರ್ಷವೂ ವರದಿ ಅಚ್ಚು ಹಾಕಿಸುತ್ತಿತ್ತು. ಈಗ ಮೈಸೂರಿನ ಪಕ್ಕದ ನಾಗನಹಳ್ಳಿಯಲ್ಲಿರುವ ಕೃಷಿ ಸಂಶೋಧನಾ ಕೇಂದ್ರದಿಂದ ಜಿಲ್ಲೆಯ ರೈತರಿಗೆ ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಹವಾಮಾನ ಆಧಾರಿತ ಸಲಹೆ ಹೊರಡುತ್ತದೆ. ಅದರಲ್ಲಿ ಗಾಳಿಯ ವೇಗ, ಬೆಳಗಿನ ಮತ್ತು ಮಧ್ಯಾಹ್ನದ ತೇವಾಂಶ ಎಲ್ಲವೂ ಇರುತ್ತದೆ. ಔಷಧಿ ಸಿಂಪಡಿಸುವ ರೈತನಿಗೆ ಗಾಳಿ ಎಷ್ಟೆಂಬುದು ಡಿಗ್ರಿಗಿಂತ ಮುಖ್ಯ. ಪೇಟೆಯವರು ಇದನ್ನು ಓದುವುದಿಲ್ಲ, ಓದಿದರೆ ನಷ್ಟವಿಲ್ಲ.

ಈ ಒಣ ದಿನಗಳು ಮೇವರೆಗೂ ಎಳೆಯುವುದಿಲ್ಲ. ಏಪ್ರಿಲ್ ಹೊತ್ತಿಗೆ ಹವಾಮಾನ ವರದಿಯಲ್ಲಿ ಬೇರೊಂದು ಮಾತು ಸೇರಿಕೊಳ್ಳುತ್ತದೆ. ವಿದರ್ಭದ ಕಡೆಯಿಂದ ಕರ್ನಾಟಕದ ಒಳನಾಡಿನ ಮೇಲೆ ಹಾದು ಕೇರಳದವರೆಗೆ, ಎರಡು ದಿಕ್ಕಿನ ಗಾಳಿಗಳು ಸಂಧಿಸುವ ಒಂದು ಗೆರೆ. ಒಂದು ಕಡೆಯಿಂದ ಒಳನಾಡಿನ ಒಣಗಾಳಿ, ಇನ್ನೊಂದು ಕಡೆಯಿಂದ ಕಡಲಿನ ತೇವ ಹೊತ್ತ ಗಾಳಿ. ಕಾದ ನೆಲದ ಮೇಲೆ ಇವು ಮುಖಾಮುಖಿಯಾದ ಸಂಜೆ ಗುಡುಗು, ಸಿಡಿಲು, ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ, ಅರ್ಧ ಗಂಟೆ ಜಡಿಮಳೆ. ಕೊಡಗಿನವರು ಕಾಫಿಯ ಹೂಮಳೆಗೆ ಕಾಯುವ ಕಾಲ, ಮಾವಿನ ತೋಟದವರು ಕಾಯಿ ಉದುರೀತೆಂದು ಹೆದರುವ ಕಾಲ. ರೈತರ ಲೆಕ್ಕದಲ್ಲಿ ಏಪ್ರಿಲ್ ನಡುವಿನಿಂದ ಅಶ್ವಿನಿ ಮಳೆ, ತಿಂಗಳ ಕೊನೆಗೆ ಭರಣಿ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಘಟ್ಟದ ಮಳೆ ನೆರಳಿನಲ್ಲಿರುವ ಮೈಸೂರಿಗೆ ಮುಂಗಾರಿನ ಜೂನ್‌ಗಿಂತ ಮೇ ತಿಂಗಳಲ್ಲೇ ಹೆಚ್ಚು ಮಳೆ.

ಮಂಟಪಕ್ಕೆ ಹೆಸರು ಕೊಟ್ಟ ಬನ್ನಿಗೆ ಮಾತ್ರ ಇದಾವುದರ ಗಡಿಬಿಡಿ ಇಲ್ಲ. ಶಮಿ ಒಣನೆಲದ ಮರ. ಬೇರನ್ನು ಆಳಕ್ಕಿಳಿಸಿ, ಸಣ್ಣ ಎಲೆಗಳಿಂದ ನೀರಿನ ಖರ್ಚನ್ನು ಬಿಗಿಹಿಡಿದು, ರಾಜಸ್ಥಾನದ ಮರಳುಗಾಡಿನಲ್ಲೂ ಬದುಕುತ್ತದೆ. ಅಲ್ಲಿ ಅದು ಖೇಜ್ಡಿ, ಆ ರಾಜ್ಯದ ಮರ.

ಮನುಷ್ಯರಿಗೆ ಅಂಥ ಬೇರಿಲ್ಲ. ಆದ್ದರಿಂದ ಮುಂದಿನ ಮೂರು ಗಂಟೆಯ ಮುನ್ಸೂಚನೆ ಮೊಬೈಲಿಗೇ ಬರುತ್ತದೆ, ಸಿಡಿಲಿನ ಸುಳಿವು ಕೊಡುವ ‘ದಾಮಿನಿ’ಯಂಥ ಆ್ಯಪ್‌ಗಳೂ ಇವೆ. ಅದನ್ನು ನೋಡುವಷ್ಟು ಪುರಸೊತ್ತು ತಾರಸಿಯ ಮೇಲಿರುವವರಿಗೆ ಇರುವುದಿಲ್ಲ. ಅವರ ಗುರುತು ಬೇರೆ. ದಿನವಿಡೀ ಒಂದೇ ಕಡೆಯಿಂದ ಬೀಸುತ್ತಿದ್ದ ಗಾಳಿ ನಾಲ್ಕು ಗಂಟೆಗೆ ತಟಕ್ಕನೆ ನಿಲ್ಲುತ್ತದೆ, ಸೀರೆಯ ಅಂಚು ಅಲುಗುವುದಿಲ್ಲ, ಹದ್ದುಗಳು ಎತ್ತರದಲ್ಲಿ ಸುತ್ತುತ್ತವೆ. ಆಮೇಲೆ ಎದುರು ದಿಕ್ಕಿನಿಂದ ತಣ್ಣನೆಯ ಗಾಳಿಯೊಂದು ಮಣ್ಣಿನ ವಾಸನೆ ಹೊತ್ತು ಬರುತ್ತದೆ, ಮೈದಾನದ ಧೂಳು ಗೋಡೆಯಂತೆ ಮೇಲೇಳುತ್ತದೆ. ಮೊದಲ ಹನಿ ಬೀಳುವಷ್ಟರಲ್ಲಿ ಸಂಡಿಗೆಯ ಸೀರೆಯನ್ನು ನಾಲ್ಕು ಮೂಲೆ ಹಿಡಿದು ಗಂಟು ಕಟ್ಟಿ ಮೆಟ್ಟಿಲಿಳಿಸಿ ಆಗಿರುತ್ತದೆ.